ಹಸಿ ಸುಣ್ಣದ ಮೇಲೆ ಬಣ್ಣ: ಒಂದು ಚದರಡಿ ಫ್ರೆಸ್ಕೊ

ಅರಿಚ್ಚೊ, ಸಿನೋಪಿಯ, ಇಂತೊನಾಕೊ, ಜೋರ್ನಾತ, ಸೆಕ್ಕೊ. ಇಟಲಿಯ ಮಧ್ಯಯುಗದ ಭಿತ್ತಿಚಿತ್ರಗಳ ಬಗ್ಗೆ ಓದಲು ಕೂತವರಿಗೆ ಶುರುವಿನಲ್ಲೇ ಎದುರಾಗುವ ಹೆಸರುಗಳಿವು. ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು. ಆದರೆ ಒಂದು ಚದರಡಿ ಗಾರೆ ಹಾಕಿ ಬಣ್ಣ ಹಚ್ಚಿ ನೋಡಿದರೆ, ಎಲ್ಲವನ್ನೂ ನಡೆಸುವುದು ಸುಣ್ಣ ಬಿಗಿಯುವ ಹೊತ್ತು ಎಂಬುದು ಕೈಗೇ ತಿಳಿಯುತ್ತದೆ. ನಾನು ಮಾಡುವ ಕ್ರಮ ಇದು.

ಮೊದಲು ಸುಣ್ಣ. ಮೂಟೆಯಲ್ಲಿ ಸಿಗುವ ಪುಡಿ ಸುಣ್ಣ ಗಾಳಿ ತಗುಲಿ ಅರ್ಧ ಸತ್ತಿರುತ್ತದೆ, ಬೇಡ. ಸುಟ್ಟ ಕಲ್ಲುಸುಣ್ಣ ಅಥವಾ ಕರಾವಳಿಯ ಚಿಪ್ಪುಸುಣ್ಣ ತಂದು ಕಬ್ಬಿಣದ ಡ್ರಮ್ಮಿನ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿದರೆ ಕೊತಕೊತ ಕುದಿದು ಮುಖಕ್ಕೇ ಸಿಡಿಯುತ್ತದೆ. ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ. ತಣ್ಣಗಾದ ಮೇಲೆ ಜರಡಿಯಲ್ಲಿ ಸೋಸಿ, ನಾಲ್ಕು ಬೆರಳು ನೀರು ನಿಲ್ಲಿಸಿ, ಮುಚ್ಚಿ ಆರು ತಿಂಗಳಾದರೂ ಇಡಿ. ರೋಮಿನ ಹಳೆಯ ಕಟ್ಟಡ ನಿಯಮ ಮೂರು ವರ್ಷ ಕೇಳುತ್ತಿತ್ತೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅದು ಹಟವೇನಲ್ಲ: ಅರಳದ ಹರಳೊಂದು ಉಳಿದರೂ ಗೋಡೆ ಸೇರಿದ ಮೇಲೆ ಅರಳಿ, ಸುತ್ತಲ ಗಾರೆಯನ್ನು ಹಾರಿಸಿ ಗುಳಿ ಬೀಳಿಸುತ್ತದೆ.

ಆಧಾರಕ್ಕೆ ಮೆರುಗಿಲ್ಲದ ಮಣ್ಣಿನ ನೆಲಹಾಸಿನ ಹೆಂಚು ಒಳ್ಳೆಯದು. ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡಿ, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಅದೇ ಕುಡಿದುಬಿಡುತ್ತದೆ. ಸಿಮೆಂಟ್ ಗೋಡೆಯ ಗೊಡವೆ ಬೇಡ, ಅದರ ಉಪ್ಪು ತಿಂಗಳುಗಟ್ಟಲೆ ಬಿಳಿಯಾಗಿ ಹೊರಗೆ ಉಕ್ಕುತ್ತಿರುತ್ತದೆ. ಮರಳನ್ನೂ ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ.

ಒರಟು ಪದರ ಅರಿಚ್ಚೊ: ಒಂದು ಪಾಲು ಸುಣ್ಣ, ಎರಡೂವರೆ ಪಾಲು ದಪ್ಪ ಮರಳು, ಹತ್ತು ಮಿಲಿಮೀಟರ್ ದಪ್ಪ. ಕರಣೆಯಲ್ಲಿ ನುಣುಪು ಮಾಡಬೇಡಿ, ಮೇಲಿನ ಪದರಕ್ಕೆ ಹಿಡಿತ ಬೇಕು. ಸುಣ್ಣ ಹೆಚ್ಚಾದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ, ಮರಳು ಹೆಚ್ಚಾದರೆ ಉದುರುತ್ತದೆ. ಎರಡು ವಾರ ಬಿಟ್ಟು ಇದರ ಮೇಲೆ ನೀರಿನಲ್ಲಿ ಕಲಸಿದ ಕಾವಿಮಣ್ಣಿನಿಂದ ಇಡೀ ಚಿತ್ರದ ರೇಖೆ ಬರೆಯುವುದು. ಅದೇ ಸಿನೋಪಿಯ. ಇಟಲಿಯ ಪೀಸಾದ ಹಳೆಯ ಸ್ಮಶಾನ ಕಟ್ಟಡ ಕಾಂಪೊಸಾಂತೊ 1944ರ ಯುದ್ಧದ ಬೆಂಕಿಯಲ್ಲಿ ಸುಟ್ಟಾಗ, ಉಳಿದ ಚಿತ್ರಗಳನ್ನು ಕಾಪಾಡಲೆಂದು ಗೋಡೆಯಿಂದ ಬಿಡಿಸಿದರು. ಅಡಿಯಲ್ಲಿ ಇಂಥ ಕೆಂಪು ರೇಖೆಗಳು ಸಿಕ್ಕವು. ಈಗ ಅಲ್ಲಿ ಅವಕ್ಕೆಂದೇ ಒಂದು ಮ್ಯೂಸಿಯಂ ಇದೆ.

ಬಣ್ಣ ಬಳಿಯುವ ಪದರ ಇಂತೊನಾಕೊ: ಒಂದು ಪಾಲು ಸುಣ್ಣಕ್ಕೆ ಒಂದೂವರೆ ಪಾಲು ಸಣ್ಣ ಮರಳು ಅಥವಾ ಅಮೃತಶಿಲೆಯ ಪುಡಿ, ನಾಲ್ಕು ಮಿಲಿಮೀಟರ್ ದಪ್ಪ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಮೂರು ಪದರ ಮರಳುಗಾರೆ, ಅದರ ಮೇಲೆ ಮೂರು ಪದರ ಅಮೃತಶಿಲೆಯ ಗಾರೆ ಹೇಳುತ್ತಾನೆ. ಮಧ್ಯಯುಗದವರು ಅಷ್ಟು ಧಾರಾಳಿಗಳಲ್ಲ, ನಮಗೂ ಒಂದೇ ಸಾಕು. ಅಂದು ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ ಇದನ್ನು ಹಾಕಬೇಕು. ಆ ತುಂಡೇ ಜೋರ್ನಾತ, ಒಂದು ದಿನದ ಕೆಲಸ. ಸಿನೋಪಿಯ ಅಡಿಗೆ ಮುಚ್ಚಿಹೋಗುತ್ತದೆ. ಪಕ್ಕದಲ್ಲಿ ಉಳಿದ ರೇಖೆ ಹಿಡಿದು ಹೊಸ ಗಾರೆಯ ಮೇಲೆ ಮತ್ತೆ ಬರೆದುಕೊಳ್ಳಬೇಕು.

ಗಾರೆ ಹಾಕಿದ ತಕ್ಷಣ ಕುಂಚ ಇಟ್ಟರೆ ಸುಣ್ಣವೇ ಎದ್ದು ಬಣ್ಣ ಕದಡುತ್ತದೆ. ಬೆರಳು ಒತ್ತಿದರೆ ತಂಪು ಗೊತ್ತಾಗಬೇಕು, ಗಾರೆ ಮಾತ್ರ ಅಂಟಬಾರದು. ಸಾಮಾನ್ಯವಾಗಿ ಒಂದು ಗಂಟೆ. ಅಲ್ಲಿಂದ ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಐದು ಗಂಟೆ ಸಿಕ್ಕರೆ ಪುಣ್ಯ. ಮಳೆಗಾಲದಲ್ಲಿ ಇಡೀ ಹಗಲು ಸಿಗುತ್ತದೆ. ಮಧ್ಯದಲ್ಲೊಂದು ಹೊತ್ತು ಬರುತ್ತದೆ, ಗೋಡೆ ಬಣ್ಣವನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ಮುಖ, ಕೈಬೆರಳುಗಳನ್ನು ಆಗ ಬರೆಯಿರಿ. ಕುಂಚ ಎಳೆದರೆ ತಡೆಯತೊಡಗಿತೋ, ನಿಲ್ಲಿಸಿ. ಬಣ್ಣಕ್ಕೆ ಇಲ್ಲಿ ಅಂಟಿಲ್ಲ, ಬರೀ ನೀರು. ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಸುಣ್ಣ ಮರಳಿ ಕಲ್ಲಾಗುವಾಗ ಹರಳುಗಳ ನಡುವೆ ಬಣ್ಣದ ಕಣ ಸಿಕ್ಕಿಬೀಳುತ್ತದೆ. ತಡವಾಗಿ ಹಚ್ಚಿದ್ದು ಒಣಗಿದ ಮೇಲೆ ಬೆರಳಿಗೆ ಪುಡಿಯಾಗಿ ಬರುತ್ತದೆ.

ಬರೆಯದೆ ಉಳಿದ ಗಾರೆಯನ್ನು ಚಾಕುವಿನಿಂದ ಓರೆಯಾಗಿ ಕತ್ತರಿಸಿ ತೆಗೆಯಿರಿ. ಕತ್ತರಿಸುವುದು ಯಾವುದಾದರೂ ಆಕೃತಿಯ ಅಂಚಿನಲ್ಲಿ: ತೋಳು, ಸೆರಗು, ಬೆಟ್ಟದ ಸಾಲು. ಬಯಲು ಆಕಾಶದ ನಡುವೆ ಕತ್ತರಿಸಿದರೆ ಜೋಡು ಎದ್ದು ಕಾಣುತ್ತದೆ. ಮರುದಿನದ ಗಾರೆ ಈ ಓರೆಯ ಮೇಲೆ ತುಸು ಹತ್ತಿ ಕೂರುತ್ತದೆ, ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಶತಮಾನಗಳ ನಂತರವೂ ಓದಬಹುದು. ಪಾದುವಾದಲ್ಲಿ 1305ರ ಸುಮಾರಿಗೆ ಚಿತ್ರಕಾರ ಜೊತ್ತೊ ಬರೆದು ಮುಗಿಸಿದ ಅರೇನಾ ಚಾಪೆಲ್‌ನಲ್ಲಿ ಒಂದು ಬದಿಯಿಂದ ಟಾರ್ಚ್ ಹಾಯಿಸಿದರೆ ಈ ಜೋಡುಗಳು ತೋರುತ್ತವೆ. ಅದಕ್ಕೂ ಹಿಂದಿನವರು ಅಟ್ಟಣಿಗೆಯ ಒಂದೊಂದು ಮಟ್ಟಕ್ಕೆ ಉದ್ದ ಪಟ್ಟಿಯಾಗಿ ಗಾರೆ ಬಳಿಯುತ್ತಿದ್ದರು. ಅದು ಪೊಂತಾತ, ಅಷ್ಟಗಲ ಬರೆದು ಮುಗಿಸುವಷ್ಟರಲ್ಲಿ ಗಾರೆ ಒಣಗಿ, ಉಳಿದದ್ದನ್ನು ಅಂಟು ಬೆರೆಸಿ ಮುಗಿಸಬೇಕಾಗುತ್ತಿತ್ತು.

ಬಣ್ಣ ಆರಿಸುವಾಗ ಆರತಿ ತಟ್ಟೆ ನೆನಪಿಟ್ಟುಕೊಳ್ಳಿ: ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು. ಅಂಥ ಯಾವ ಬಣ್ಣವೂ ಇಲ್ಲಿ ನಡೆಯದು. ಪರೀಕ್ಷೆಗೆ ಎಲೆಅಡಿಕೆಯ ಸುಣ್ಣವೇ ಸಾಕು. ಚಿಟಿಕೆ ಬಣ್ಣ ಕಲಸಿ ಮುಚ್ಚಿದ ಶೀಷೆಯಲ್ಲಿ ಒಂದು ವಾರ ಇಟ್ಟು, ಹೊಸದಾಗಿ ಕಲಸಿದ್ದರ ಪಕ್ಕ ಹಿಡಿದು ನೋಡಿ. ಕಾವಿ, ಹಳದಿ ಮಣ್ಣು, ಹಸಿರು ಮಣ್ಣು, ಇದ್ದಿಲ ಕಪ್ಪು ತಾಳುತ್ತವೆ. ಬಿಳಿಗೆ ಸುಣ್ಣವೇ. ಸೀಸದ ಬಿಳಿ ಬಳಸಿದರೆ ಏನಾಗುತ್ತದೆಂದು ಇಟಲಿಯ ಅಸ್ಸೀಸಿಯಲ್ಲಿ ಚಿತ್ರಕಾರ ಚಿಮಬೂವೆಯ ಚಿತ್ರಗಳು ತೋರಿಸುತ್ತವೆ, ಬಿಳಿ ಇದ್ದಲ್ಲೆಲ್ಲ ಕಪ್ಪಾಗಿ ನೆಗೆಟಿವ್ ಫೋಟೊದಂತಾಗಿವೆ. ಹಸಿಯಲ್ಲಿ ಕಂಡ ಬಣ್ಣ ಒಣಗಿದರೆ ಬಹಳ ತೆಳುವಾಗುವುದರಿಂದ, ಒಣ ಇಟ್ಟಿಗೆ ಚೂರಿನ ಮೇಲೆ ಒಂದು ಗೆರೆ ಎಳೆದು ನೋಡಿ. ನೀರು ಹೀರಿ ಆ ಕ್ಷಣವೇ ಒಣ ಛಾಯೆ ತೋರಿಸುತ್ತದೆ.

ನೀಲಿಯದೇ ತಕರಾರು. ಅಜುರೈಟ್ ಎಂಬ ನೀಲಿ ಖನಿಜ ಹಸಿ ಸುಣ್ಣದಲ್ಲಿ ನಿಲ್ಲದು. ಅದಕ್ಕೆ ಮೊದಲು ಹಸಿಯಲ್ಲೇ ಗಾಢ ಕೆಂಗಪ್ಪು ಬಳಿದು, ಗೋಡೆ ಪೂರ್ತಿ ಒಣಗಿದ ಮೇಲೆ ಮೊಟ್ಟೆ ಅಥವಾ ಸರೇಸಿನಲ್ಲಿ ಕಲಸಿ ಹಚ್ಚುತ್ತಿದ್ದರು. ಇದು ಸೆಕ್ಕೊ. ಅಂಟು ಸತ್ತಂತೆ ನೀಲಿ ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತದೆ. ಪಾದುವಾದಲ್ಲೂ ಮೇರಿಯ ನೀಲಿ ಮೇಲುಡುಪು ಹಲವೆಡೆ ಹೀಗೇ ಹೋಗಿದೆ. ಮನೆಯಲ್ಲಿ ಮಾಡುವವರು ಕೋಬಾಲ್ಟ್ ನೀಲಿ ತಂದರೆ ಈ ಗೋಜಿಲ್ಲ, ಅದು ಹಸಿ ಸುಣ್ಣವನ್ನು ತಾಳುತ್ತದೆ. 19ನೇ ಶತಮಾನದ ಬಣ್ಣ ಅದು, ಜೊತ್ತೊಗೆ ಸಿಗುವಂತಿರಲಿಲ್ಲ.