ಪ್ರೀತಿಸುವವರ ತಪ್ಪುಗಳಿಗೂ ಕಿರ್ದಿ ಬರೆಯಿರಿ

ಕಲಬುರಗಿಯ ಅಪ್ಪನ ಕೆರೆ ಹತ್ತಿರ, ಗೆಳೆಯರೊಬ್ಬರ ಮನೆಯ ಮಾಳಿಗೆ ಮೇಲೆ, ತಿಂಗಳಿಗೊಮ್ಮೆ ಏಳೆಂಟು ಜನ ಸೇರಿ ಕಥೆ ಓದುತ್ತೇವೆ. ಹೆಚ್ಚಿನವು ಪ್ರೇಮಕಥೆಗಳೇ. ಬರೆಯುವವರಿಗೆ ಭಾಷೆ ಇದೆ, ಆಸೆ ಇದೆ. ಆದರೂ ಕಥೆಯ ಹುಡುಗ, ಹುಡುಗಿ ಎದ್ದು ಓಡಾಡುವುದಿಲ್ಲ. ಅವನು ಒಳ್ಳೆಯವನು, ಸ್ವಲ್ಪ ಸಿಟ್ಟು. ಅವಳು ಚೆಲುವೆ, ಸ್ವಲ್ಪ ಹಟ. ಆ ‘ಸ್ವಲ್ಪ’ದಲ್ಲೇ ಕಥೆ ಸಾಯುತ್ತದೆ. ಪಾತ್ರಕ್ಕೆ ಕೊರತೆ ಇರಬೇಕು ಅಂತ ಎಲ್ಲೋ ಕೇಳಿರುತ್ತಾರೆ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಒಂದು ಚಿಟಿಕೆ ಉದುರಿಸಿರುತ್ತಾರೆ. ಇದನ್ನು ಹೇಗೆ ಸರಿಮಾಡುವುದು ಅಂತ ನಾನು ಕಂಡುಕೊಂಡ ದಾರಿ ಇಲ್ಲಿದೆ.

1. ಮೊದಲು ಹೊಟ್ಟೆಪಾಡು

ಇಬ್ಬರಿಗೂ ಒಂದು ಕೆಲಸ, ಒಂದು ಊರು, ತಿಂಗಳ ಕೊನೆಗೆ ಉಳಿಯುವ ದುಡ್ಡು ಇಷ್ಟನ್ನು ಗೊತ್ತುಮಾಡಿ. 2013ರಲ್ಲಿ ಜಾರಿಯಾದ, ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿಯ ಪ್ರಮಾಣಪತ್ರ ಹಿಡಿದು ಸರ್ಕಾರಿ ನೌಕರಿಗೆ ಓದುತ್ತಿರುವ ಎಷ್ಟು ಹುಡುಗರಿಲ್ಲ ನಮ್ಮಲ್ಲಿ! ನಾಯಕ ದೊಡ್ಡ ಕಂಪನಿಯ ಮಾಲೀಕನೇ ಆಗಬೇಕಿಲ್ಲ. ಮೊಬೈಲ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವ ‘ಪಾತ್ರಕ್ಕೆ ನೂರು ಪ್ರಶ್ನೆ’ ಪಟ್ಟಿಗಳನ್ನು ಮಾತ್ರ ನಂಬಬೇಡಿ. ಇಷ್ಟದ ಬಣ್ಣ, ಇಷ್ಟದ ಹೂವು ತುಂಬಿಸಿ ತುಂಬಿಸಿ ಸುಸ್ತಾಗುತ್ತೀರಿ, ಕಥೆ ಒಂದು ಗೇಣೂ ಮುಂದೆ ಹೋಗುವುದಿಲ್ಲ.

2. ಒಳ್ಳೆಯ ಗುಣದ ಬೆನ್ನಲ್ಲೇ ಕೊರತೆ ಹುಡುಕಿ

ಉದಾಹರಣೆಗೆ ಸಿದ್ರಾಮ. ಗಂಜ್‌ನಲ್ಲಿ ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ಅಡತಿ (ದಲಾಲಿ) ಅಂಗಡಿಯ ಗುಮಾಸ್ತ. ಯಾರು ಏನು ಕೇಳಿದರೂ ‘ಆಯ್ತ್ರಿ’ ಅನ್ನುತ್ತಾನೆ. ಹಮಾಲರಿಗೆ ಕೈಗಡ ಕೊಡುತ್ತಾನೆ, ಪಕ್ಕದ ಮನೆಯ ಅಜ್ಜಿಯನ್ನು ದವಾಖಾನೆಗೆ ಕರೆದೊಯ್ಯುತ್ತಾನೆ. ಅಂಬಿಕಾ ಮನಸ್ಸು ಕೊಟ್ಟಿದ್ದು ಅದಕ್ಕೇ. ಮುಂದೆ ಅವಳನ್ನು ಕಾಡುವುದೂ ಅದೇ. ಇಲ್ಲ ಅನ್ನಲು ಬಾರದವನು ಯಾರೋ ಒಬ್ಬರಿಗೆ ಮಾತು ತಪ್ಪಲೇಬೇಕು. ತನ್ನವಳು ಅರ್ಥಮಾಡಿಕೊಳ್ಳುತ್ತಾಳೆ ಅಂತ ಪ್ರತಿ ಸಲ ಅವಳಿಗೇ ತಪ್ಪುತ್ತಾನೆ.

ಒಂದು ಎಚ್ಚರಿಕೆ. ಹುಡುಗಿಯ ಬೆನ್ನು ಹತ್ತುವುದು, ಕೈ ಎತ್ತುವುದು, ಫೋನ್ ಕಸಿದು ನೋಡುವುದು, ಇದನ್ನೆಲ್ಲ ‘ಪ್ರೀತಿ ಜಾಸ್ತಿ’ ಅಂತ ಬರೆಯಬೇಡಿ. ಅದು ಹಿಂಸೆ. ಹಾಗೆಯೇ ಕುಂಟುವುದನ್ನೋ ಕಪ್ಪು ಬಣ್ಣವನ್ನೋ ಕೊರತೆ ಅಂತ ಎಣಿಸಿದ ಕಥೆ ತಂದರೆ ನಾನು ಮುಂದಕ್ಕೆ ಓದುವುದೇ ಇಲ್ಲ.

3. ಕಿರ್ದಿ ಇಡಿ

ಎಲ್ಲರೂ ಎಡವುವುದು ಇಲ್ಲಿ. ‘ಅವನಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ’ ಅಂತ ಒಂದು ವಾಕ್ಯ ಬರೆದು ಮುಂದೆ ಹೋಗಿಬಿಡುತ್ತಾರೆ. ಓದುವವರಿಗೆ ಅದು ಸುದ್ದಿ ಅಷ್ಟೇ.

ಗಂಜ್‌ನ ಅಂಗಡಿಗಳಲ್ಲಿ ಆಯಾ ದಿನದ ಜಮಾ, ಖರ್ಚನ್ನು ಕಿರ್ದಿಯಲ್ಲಿ ಬರೆಯುತ್ತಾರಲ್ವಾ, ನೀವೂ ಹಾಗೇ ಒಂದು ಲಾಂಗ್ ಬುಕ್ ಇಡಿ. ದುಬಾರಿ ರಟ್ಟಿನ ಡೈರಿ ತರಬೇಡಿ, ಅದರಲ್ಲಿ ತಪ್ಪು ಬರೆಯಲು ಕೈ ಹೆದರುತ್ತದೆ. ಪುಟಕ್ಕೆ ಗೆರೆ ಹೊಡೆದು ಮೂರು ಮನೆ ಮಾಡಿ: ಯಾವತ್ತು, ಏನು ಮಾಡಿದ, ಅದರ ಬೆಲೆ ಯಾರು ತೆತ್ತರು. ಮೂರನೆಯ ಮನೆ ಖಾಲಿ ಉಳಿದರೆ ಆ ಕೊರತೆ ಸುಮ್ನೆ ಅಲಂಕಾರ. ಹೊಡೆದುಹಾಕಿ.

ಒಂದು ದಿನದ ಲೆಕ್ಕ ನೋಡಿ. ಜನವರಿಯ ಶನಿವಾರ. ತೊಗರಿ ರಾಶಿ ಮುಗಿದು ಗಂಜ್‌ಗೆ ಲಾರಿ ಮೇಲೆ ಲಾರಿ ಬರುವ ಕಾಲ. ಆಳಂದದಲ್ಲಿ ಶಿಕ್ಷಕಿಯಾಗಿರುವ ಅಂಬಿಕಾ ಬೆಳಗಿನ ಶಾಲೆ ಮುಗಿಸಿ, 40 ಕಿಲೋಮೀಟರ್ ಬಸ್ಸಿನಲ್ಲಿ ಬಂದಿದ್ದಾಳೆ. ಐದಕ್ಕೆ ಬಸ್ ಸ್ಟ್ಯಾಂಡಿಗೆ ಬರುತ್ತೇನೆ ಅಂದಿದ್ದ ಸಿದ್ರಾಮ. ಅಷ್ಟರಲ್ಲಿ ಸಾವಕಾರರು ಇನ್ನೊಂದು ಲಾರಿ ತೂಕ ಮಾಡಿಸು ಅಂದರು. ‘ಆಯ್ತ್ರಿ.’ ಅವಳು ಎರಡು ಮಿರ್ಚಿ ಭಜಿ ಕಟ್ಟಿಸಿಕೊಂಡು ಕೂತಳು. ಫೋನ್ ಮಾಡಿದರೆ ‘ಬರ್ಲಕತ್ತೀನಿ, ಹತ್ತೇ ನಿಮಿಷ’. ಪೇಪರ್ ಎಣ್ಣೆ ಹೀರಿ ಕಪ್ಪಾಯಿತು. ಭಜಿ ಮೆತ್ತಗಾದವು. ಅವನು ಬಂದಾಗ ಏಳು ದಾಟಿತ್ತು, ತಲೆಗೂದಲ ತುಂಬ ತೊಗರಿ ಹೊಟ್ಟು. ಅವಳು ಕೇಳಿದ್ದು ಒಂದೇ ಮಾತು: ‘ಊಟ ಆಯ್ತೇನು?’

ಈಗ ಅಂಬಿಕಾಳ ಪುಟ ತೆಗೆಯಿರಿ. ಒಬ್ಬರದೇ ತಪ್ಪಾದರೆ ಇನ್ನೊಬ್ಬರು ಕಣ್ಣೀರು ಸುರಿಸುವ ಗೊಂಬೆ ಆಗಿಬಿಡುತ್ತಾರೆ. ಅಂಬಿಕಾ ನೋವು ಹೇಳುವವಳಲ್ಲ, ಎಣಿಸಿಡುವವಳು. ಅವನು ಐದಕ್ಕೆ ಬರುವುದಿಲ್ಲ ಅಂತ ಅವಳಿಗೆ ಬಸ್ಸು ಹತ್ತುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಬಂದಳು, ಲೆಕ್ಕಕ್ಕೆ ಇನ್ನೊಂದು ಸೇರಲಿ ಅಂತ. ಅವಳು ಅಲ್ಲೇ ಬೈದಿದ್ದರೆ ಅವನು ಮುಂದಿನ ವಾರ ಓಡಿ ಬರುತ್ತಿದ್ದನೇನೋ. ಅವಳ ಮೌನವನ್ನು ಅವನು ಕ್ಷಮೆ ಅಂದುಕೊಂಡ. ಹೀಗೆ ಇವನ ‘ಆಯ್ತ್ರಿ’ಗೂ ಅವಳ ಎಣಿಕೆಗೂ ಗಂಟು ಬಿದ್ದ ಜಾಗದಲ್ಲೇ ನಿಮ್ಮ ಕಥೆ ಇದೆ. ಆ ಗಂಟು ಸಿಗುವವರೆಗೆ ಹತ್ತು ಪುಟ ಕಿರ್ದಿ ಬರೆದರೂ ನಷ್ಟವಿಲ್ಲ. ಸಿಕ್ಕ ಮೇಲೆ ಖಳನಾಯಕ ಬೇಡ, ಅಪಘಾತ ಬೇಡ, ಶ್ರೀಮಂತ ಮಾವನೂ ಬೇಡ.

4. ಮಾತು

ಗಟ್ಟಿಯಾಗಿ ಓದಿ ನೋಡಿ. ಹಮಾಲರು, ಅಜ್ಜಿ ಮಾತ್ರ ನಮ್ಮ ಕಡೆಯ ಮಾತಾಡಿ, ಪ್ರೀತಿಸುವ ಜೋಡಿ ಟೀವಿ ಧಾರಾವಾಹಿಯ ಕನ್ನಡ ಆಡುವ ಕಥೆಗಳು ಬಹಳ ಬರುತ್ತವೆ. ನನಗೆ ಇದು ನೋವಿನ ವಿಷಯ. ‘ಬರ್ಲಕತ್ತೀನಿ’ ಅನ್ನುವ ಬಾಯಿಂದಲೂ ಪ್ರೀತಿ ಹೇಳಬಹುದು. ಮಾತಿನ ಹಾಗೆ ಮೈಯೂ ನಮ್ಮ ಊರಿನದೇ ಇರಲಿ: ಮೇ ತಿಂಗಳ ಕಲಬುರಗಿಯಲ್ಲಿ, 40 ಡಿಗ್ರಿ ದಾಟಿದ ಬಿಸಿಲಲ್ಲಿ, ಅವಳ ಮುಖ ಬೆವರಲಿ, ಸೀರೆ ಬೆನ್ನಿಗೆ ಅಂಟಲಿ.

5. ಕೊನೆ

ಮದುವೆ ಗೊತ್ತಾದ ಕೂಡಲೇ ಕೊರತೆ ಮಾಯವಾಗುವುದು ಸುಳ್ಳು ಕೊನೆ. ಒಂದು ಕೂದಲೆಳೆಯಷ್ಟು ಬದಲಾವಣೆ ಸಾಕು, ಅದೂ ಓದುವವರು ಕಾಯದ ಜಾಗದಿಂದ ಬರಲಿ. ಸಿದ್ರಾಮ ಸಾವಕಾರರಿಗೆ ಎದುರು ನಿಂತು ಇಲ್ಲ ಅನ್ನುವ ದೃಶ್ಯ ಎಲ್ಲರಿಗೂ ಹೊಳೆಯುತ್ತದೆ. ನಾನಾದರೆ ಅವನ ಮೊದಲ ‘ಇಲ್ಲ’ವನ್ನು ಅಂಬಿಕಾಗೇ ಹೇಳಿಸುತ್ತೇನೆ. ಶುಕ್ರವಾರ ರಾತ್ರಿ ಫೋನ್ ಮಾಡಿ, ‘ನಾಳೆ ಆಗಲ್ಲ, ಮಾಲು ಬರ್ಲಕತ್ತದ’ ಅನ್ನಲಿ. ಅವಳು ಒಂದು ಗಳಿಗೆ ಸುಮ್ಮನಿದ್ದು, ‘ಮೊದಲೇ ಹೇಳಿದಿ ನೋಡು, ಛಲೋ ಆಯ್ತು’ ಅನ್ನಲಿ. ಆ ಶನಿವಾರ ಆಳಂದದಲ್ಲೇ ಉಳಿದು, ವಾರದ ಬಟ್ಟೆ ಒಗೆದು, ಮಾಳಿಗೆ ಮೇಲೆ ಒಣಹಾಕಲಿ.