ಕೃತಜ್ಞತೆಯನ್ನೂ ತಮ್ಮ ಸ್ವಾರಸ್ಯಗಳನ್ನೂ ಓದುಗರ ಮುಂದಿಡುವ ಬಗೆ

ಓದುವವರಿಗೆ ವಂದನೆ ಹೇಳಿ, ಜೊತೆಗೆ ತನ್ನ ಬಗೆಗಿನ ನಾಲ್ಕಾರು ಸ್ವಾರಸ್ಯಕರ ಸಂಗತಿಗಳನ್ನು ಹಂಚಿಕೊಳ್ಳುವ ಬರಹ ನೋಡುವುದಕ್ಕೆ ಸುಲಭವೆನಿಸುತ್ತದೆ. ಬರೆಯಲು ಕುಳಿತಾಗ ಮಾತ್ರ ಮೊದಲ ಭಾಗ ಸಮಾರಂಭದ ವಂದನಾರ್ಪಣೆಯಂತೆಯೂ ಎರಡನೆಯ ಭಾಗ ಉದ್ಯೋಗದ ಅರ್ಜಿಗೆ ಲಗತ್ತಿಸಿದ ಸ್ವವಿವರದಂತೆಯೂ ಆಗಿಬಿಡುತ್ತದೆ. ಎರಡಕ್ಕೂ ಕಾರಣ ಒಂದೇ: ಯಾರು ಬರೆದರೂ ಹೊಂದುವಂಥ ಮಾತುಗಳನ್ನೇ ನಾವೂ ಬರೆದಿರುತ್ತೇವೆ.

ಕೃತಜ್ಞತೆಯ ಭಾಗವನ್ನು ಬರೆಯುವ ಮೊದಲು, ಉಪಕಾರ ಮಾಡಿದವರು ಯಾರು, ಅವರು ಮಾಡಿದ್ದೇನು, ಅದರಿಂದ ನಿಮ್ಮಲ್ಲಿ ಬದಲಾದದ್ದೇನು ಎಂಬುದನ್ನು ಬೇರೆ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ‘ಪ್ರೋತ್ಸಾಹಿಸಿದ ಸರ್ವರಿಗೂ ಹೃತ್ಪೂರ್ವಕ ಧನ್ಯವಾದಗಳು’ ಎಂಬ ಸಾಲಿನಲ್ಲಿ ಯಾರೊಬ್ಬರೂ ತಮ್ಮನ್ನು ಕಂಡುಕೊಳ್ಳಲಾರರು. ‘ಮೂರು ತಿಂಗಳು ನಾನು ಏನನ್ನೂ ಬರೆಯದಿದ್ದಾಗ, ಕ್ಷೇಮವೇ ಎಂದು ಒಂದೇ ಸಾಲಿನಲ್ಲಿ ವಿಚಾರಿಸಿದವರಿಗೆ ಈ ಬರಹ ಸಲ್ಲುತ್ತದೆ’ ಎಂದರೆ, ಆ ಸಾಲನ್ನು ಕಳುಹಿಸಿದವರಿಗೆ ಅದು ತಮ್ಮನ್ನೇ ಕುರಿತದ್ದೆಂದು ಹೆಸರಿಲ್ಲದೆಯೂ ತಿಳಿಯುತ್ತದೆ. ಹೆಸರು ಹೇಳಲೇಬೇಕೆನಿಸಿದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ. ಸದ್ದಿಲ್ಲದೆ ನೆರವಾದವರಲ್ಲಿ ಹಲವರು ಸದ್ದಿಲ್ಲದೆ ಇರುವುದನ್ನೇ ಬಯಸುತ್ತಾರೆ.

ಇಷ್ಟು ಬಿಡಿಸಿ ಹೇಳಿದರೆ ಅತಿಯಾದೀತೇ ಎಂಬ ಸಂಕೋಚ ಸಹಜ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೃತಜ್ಞತೆಯ ಪತ್ರ ಬರೆದವರು ಅದನ್ನು ಪಡೆದವರಿಗೆ ಆಗಬಹುದಾದ ಮುಜುಗರವನ್ನು ಹೆಚ್ಚಾಗಿಯೂ, ಅವರಿಗೆ ಸಿಗುವ ಸಂತೋಷವನ್ನು ಕಡಿಮೆಯಾಗಿಯೂ ಅಂದಾಜು ಮಾಡಿದ್ದರು. ಆದ್ದರಿಂದ ಸಂಕೋಚವನ್ನು ಬದಿಗಿಟ್ಟು ಬರೆಯಿರಿ. ‘ಅತ್ಯಂತ’, ‘ಅನಂತಾನಂತ’ ಮುಂತಾದ ವಿಶೇಷಣಗಳನ್ನು ಮಾತ್ರ ಹೊಡೆದುಹಾಕಿ.

ಇನ್ನು ಸ್ವಾರಸ್ಯದ ಭಾಗ. ಹೆಚ್ಚಿನವರು ಎಡವುವುದು ಇಲ್ಲಿಯೇ. ‘ನನಗೆ ಓದುವುದೆಂದರೆ ಇಷ್ಟ’ ಎಂಬುದು ನಿಜವಿರಬಹುದು, ಆದರೆ ಅದನ್ನು ಕೇಳಿದವರಿಗೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ. ‘ಪತ್ತೇದಾರಿ ಕಥೆಯ ಕೊನೆಯ ಪುಟವನ್ನು ಓದಿ, ಅಪರಾಧಿ ಯಾರೆಂದು ಖಚಿತವಾದ ಮೇಲೆಯೇ ನಾನು ಮೊದಲ ಪುಟಕ್ಕೆ ಬರುತ್ತೇನೆ’ ಎಂದು ನೋಡಿ, ಓದುಗರು ಜಗಳಕ್ಕೇ ಬರುತ್ತಾರೆ. ವಿಚಿತ್ರ ಅಭ್ಯಾಸ, ಅಕಾರಣ ಭಯ, ವರ್ಷಗಟ್ಟಲೆ ತಪ್ಪಾಗಿ ಉಚ್ಚರಿಸಿದ ಒಂದು ಪದ, ಯಾವ ಉಪಯೋಗಕ್ಕೂ ಬಾರದ ಒಂದು ಕೌಶಲ, ಇಂಥವುಗಳಲ್ಲಿ ಹುಡುಕಿದರೆ ಸರಕು ಸಿಗುತ್ತದೆ. ಬಹುಮಾನಗಳ ಪಟ್ಟಿಯನ್ನು ತಮಾಷೆಯ ವೇಷದಲ್ಲಿ ತಂದರೆ ಅದು ಬೆನ್ನನ್ನು ತಾನೇ ತಟ್ಟಿಕೊಂಡಂತೆ ಕಾಣುತ್ತದೆ. ಓದುಗರು ಅದನ್ನು ಕೂಡಲೇ ಗುರುತಿಸುತ್ತಾರೆ.

ಏಳು ಸಂಗತಿಗಳಿಗಿಂತ ಹೆಚ್ಚು ಬೇಡವೆಂಬುದು ನನ್ನ ಲೆಕ್ಕ. ತಮ್ಮ ಬಗ್ಗೆ ಹೇಳಿಕೊಳ್ಳುವ ಅವಕಾಶಕ್ಕಾಗಿ ಜನರು ಸಿಗಬೇಕಾದ ಅಲ್ಪಸ್ವಲ್ಪ ಹಣವನ್ನೂ ಬಿಟ್ಟುಕೊಡುತ್ತಾರೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಡಯಾನಾ ತಮೀರ್ ಮತ್ತು ಜೇಸನ್ ಮಿಚೆಲ್ 2012ರಲ್ಲಿ ವರದಿ ಮಾಡಿದ್ದರು. ಅಂಥ ಸುಖದಲ್ಲಿ ಬರಹ ಎಲ್ಲಿ ನಿಲ್ಲಬೇಕೆಂಬುದು ಬರೆಯುವವರಿಗೆ ತೋಚುವುದಿಲ್ಲ. ಹಗುರವಾದದ್ದನ್ನು ಮೊದಲಿಟ್ಟು, ತುಸು ಆಪ್ತವಾದದ್ದನ್ನು ಆಮೇಲೆ ತನ್ನಿ.

ಒಂದು ಎಚ್ಚರಿಕೆ ಅಗತ್ಯ. ಹುಟ್ಟಿದ ದಿನಾಂಕ, ಮೊದಲ ಶಾಲೆ, ಸಾಕುಪ್ರಾಣಿಯ ಹೆಸರು, ತಾಯಿಯ ಮದುವೆಗೆ ಮುಂಚಿನ ಮನೆತನದ ಹೆಸರು, ಇವು ಕೇಳಲು ಮುದ್ದಾಗಿದ್ದರೂ, ಮರೆತ ಪಾಸ್‌ವರ್ಡ್ ಬದಲಿಸುವಾಗ ಕೇಳಲಾಗುವ ಭದ್ರತಾ ಪ್ರಶ್ನೆಗಳ ಉತ್ತರಗಳೂ ಆಗಿರುತ್ತವೆ. ಈಗಾಗಲೇ ಬರೆದುಬಿಟ್ಟಿದ್ದರೆ ಖಾತೆಗಳಲ್ಲಿ ಆ ಉತ್ತರಗಳನ್ನು ಬದಲಿಸಿ. ಹಾಗೆಯೇ ಒಡಹುಟ್ಟಿದವರ ಬಾಲ್ಯದ ಪೇಚಾಟ ಎಷ್ಟೇ ನಗು ತರಿಸಿದರೂ ಅದನ್ನು ಹೇಳುವ ಹಕ್ಕು ಅವರದು.

ಎರಡು ಭಾಗಗಳಲ್ಲಿ ಯಾವುದು ಮೊದಲು ಎಂದರೆ, ನಾನು ಕೃತಜ್ಞತೆ ಎನ್ನುತ್ತೇನೆ. ನಗಿಸಿದ ಮೇಲೆ ಹೇಳುವ ವಂದನೆ ಎದ್ದು ಹೊರಡುವವರ ಉಪಚಾರದ ಮಾತಿನಂತೆ ಕೇಳಿಸುತ್ತದೆ. ಬರೆದದ್ದನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಗಟ್ಟಿಯಾಗಿ ಓದಿಕೊಳ್ಳಿ, ನಾಲಿಗೆ ತಡವರಿಸಿದ ವಾಕ್ಯಗಳನ್ನು ತಿದ್ದಿ. ಕೊನೆಯಲ್ಲಿ ‘ನಿಮ್ಮ ಬಗ್ಗೆಯೂ ತಿಳಿಸಿ’ ಎಂದು ಬಿಡದೆ, ‘ನೀವು ಎಷ್ಟೋ ವರ್ಷ ತಪ್ಪಾಗಿ ಉಚ್ಚರಿಸಿದ ಪದ ಯಾವುದು?’ ಎಂಬಂಥ ಒಂದೇ ಪ್ರಶ್ನೆಯನ್ನು ಕೇಳಿ.