ಮನೆಯ ನಾಯಿ ಮನೆಯವರಿಗೇ ಕಚ್ಚಿದಾಗ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡು ಇಲ್ಲದ ಬೀದಿ ಅಪರೂಪ. ಬೋರ್ಡು ಹೊರಗಿನವರಿಗಾಯ್ತು. ನಾಯಿ ಒಳಗಿನವರಿಗೇ ಬಾಯಿ ಹಾಕಿದರೆ? ಜಾಸ್ತಿ ಜನ ಮಾಡುವುದು ಎರಡೇ ಕೆಲಸ. ಬೆಲ್ಟ್ ತಗೊಂಡು ನಾಲ್ಕು ಬಾರಿಸುತ್ತಾರೆ. ಇಲ್ಲವೇ ಕತ್ತಲಾದ ಮೇಲೆ ಕಾರಿಗೆ ಹತ್ತಿಸಿಕೊಂಡು ರಿಂಗ್ ರೋಡ್ ಆಚೆ ಬಿಟ್ಟು ಬರುತ್ತಾರೆ. ಎರಡೂ ತಪ್ಪು.

ಮೊದಲು ಗಾಯ. ನಲ್ಲಿ ಬಿಟ್ಟು, ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಬೇಡ. ‘ನಮ್ಮ ನಾಯಿಗೆ ಲಸಿಕೆ ಆಗಿದೆ’ ಅಂತ ಸುಮ್ಮನೆ ಕೂರಬೇಡಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ. ಅವತ್ತೇ ಹೋಗಿ. ರೇಬಿಸ್ ಇಂಜೆಕ್ಷನ್ನಿಗೆ ಚೀಟಿಯಲ್ಲಿ ಬರೆದುಕೊಟ್ಟ ಒಂದು ತಾರೀಕೂ ತಪ್ಪಿಸಬೇಡಿ.

ನಾಯಿಯನ್ನು ಬೇರೆ ಇಡಿ. ಬಾಗಿಲಿರುವ ಒಂದು ರೂಮು ಸಾಕು. ಗಿಡ್ಡ ಚೈನಿನಲ್ಲಿ ದಿನವಿಡೀ ಕಟ್ಟಿಹಾಕಿದರೆ ಸಿಟ್ಟು ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಡಾಕ್ಟರಿಗೆ ತೋರಿಸಿ. ಮೊನ್ನೆವರೆಗೂ ಸಾಧುವಾಗಿದ್ದ ನಾಯಿ ಈಗ ಕಚ್ಚುತ್ತಿದೆ ಅಂದರೆ ಮೊದಲ ಅನುಮಾನ ನೋವಿನ ಮೇಲಿರಲಿ. ಕಿವಿ ಕೀವಾಗಿರಬಹುದು, ಹಲ್ಲು ಹುಳುಕಾಗಿರಬಹುದು. ವಯಸ್ಸಾದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲು ನೋವು ಸಾಮಾನ್ಯ. ಮೊಮ್ಮಗು ಬಂದು ಬೆನ್ನ ಮೇಲೆ ಒರಗಿದರೆ ಅದು ಇನ್ನೇನು ಮಾಡೀತು? ದೂರದಿಂದ ನೋಡಿ ಮಾತ್ರೆ ಬರೆದು ಕಳಿಸುವ ಡಾಕ್ಟರು ಬೇಡ. ಕಿವಿ, ಬಾಯಿ, ಕೀಲು ಮುಟ್ಟಿ ನೋಡುವವರು ಬೇಕು.

ಈಗ ಎಲ್ಲರೂ ಎಡವುವ ಹಂತ. ‘ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು’ ಅನ್ನುತ್ತಾರೆ. ನೂರಕ್ಕೆ ನೂರು ಅಲ್ಲದಿದ್ದರೂ ಬಹಳಷ್ಟು ಸಲ ಅದು ನಿಜವಲ್ಲ. ನಾಯಿ ಊಟದ ಬಟ್ಟಲಿಗೆ ಬಾಯಿ ಹಾಕಿದೆ, ನೀವು ಹತ್ತಿರ ಬಂದಿರಿ ಅನ್ನಿ. ಮೊದಲು ತಿನ್ನುವುದು ನಿಲ್ಲುತ್ತದೆ. ಮೈ ಬಿಗಿಯಾಗುತ್ತದೆ. ತಲೆ ಬಟ್ಟಲ ಮೇಲೇ ಇರುತ್ತದೆ, ಕಣ್ಣು ಮಾತ್ರ ನಿಮ್ಮ ಕಡೆ ಹೊರಳಿ ಬಿಳಿ ಭಾಗ ಕಾಣುತ್ತದೆ. ನಾಲಿಗೆ ಒಮ್ಮೆ ಮೂಗಿನ ಮೇಲೆ ಆಡುತ್ತದೆ. ಆಮೇಲೆ ಗುರ್ ಅನ್ನುತ್ತದೆ. ಇಷ್ಟಾದರೂ ನೀವು ಕೈ ಚಾಚಿದರೆ ಆಗ ಹಲ್ಲು.

ಗುರ್ ಅಂದಾಗ ಹೊಡೆಯುವವರು ತಮ್ಮ ಕೈಯಾರೆ ಅಪಾಯ ತಂದುಕೊಳ್ಳುತ್ತಾರೆ. ಪೆಟ್ಟು ತಿಂದ ನಾಯಿ ಗುರ್ ಅನ್ನುವುದನ್ನು ಬಿಡುತ್ತದೆ, ಕಚ್ಚುವುದನ್ನಲ್ಲ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಅಂದಹಾಗೆ, ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆ ನಂಬಬೇಡಿ, ಧಾರಾಳವಾಗಿ ಕಚ್ಚುತ್ತದೆ.

ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಎಲ್ಲಿ, ಯಾರು, ಕಚ್ಚುವ ಹತ್ತು ಸೆಕೆಂಡ್ ಮೊದಲು ಏನು ನಡೆಯುತ್ತಿತ್ತು, ಬರೆಯಿರಿ. ಹಲ್ಲು ಬರೀ ತಾಗಿತೋ, ಒಮ್ಮೆ ಕಚ್ಚಿ ಬಿಟ್ಟಿತೋ, ಹಿಡಿದು ಅಲ್ಲಾಡಿಸಿತೋ, ಅದನ್ನೂ ಬರೆಯಿರಿ. ‘ಸಿಟ್ಟು ಮಾಡಿಕೊಂಡಿತ್ತು’ ಅಂತ ಬರೆದರೆ ಏನೂ ಉಪಯೋಗವಿಲ್ಲ. ‘ಸೋಫಾ ಮೇಲೆ ಮಲಗಿತ್ತು, ಅತ್ತೆ ಕಾಲರ್ ಹಿಡಿದು ಇಳಿಸಲು ಹೋದರು’ ಅಂತ ಬರೆಯಿರಿ. ಪುಟ ತುಂಬುವುದರೊಳಗೆ ಕಾರಣ ಕಾಣಿಸತೊಡಗುತ್ತದೆ: ಬಟ್ಟಲು, ಸೋಫಾ, ಗೇಟಿನ ಬೆಲ್, ದೀಪಾವಳಿ ಪಟಾಕಿ.

ಬಾಯಿಬುಟ್ಟಿ, ಅಂದರೆ ಕಚ್ಚದಂತೆ ನಾಯಿಯ ಮೂತಿಗೆ ತೊಡಿಸುವ ಕವಚ. ಬುಟ್ಟಿಯಂಥ ಜಾಲರಿಯದೇ ತನ್ನಿ. ಬಾಯಿ ಬಿಗಿದು ಕಟ್ಟುವ ಬಟ್ಟೆಯದು ಡಾಕ್ಟರ ಟೇಬಲ್ ಮೇಲೆ ಎರಡು ನಿಮಿಷಕ್ಕೆ ಸರಿ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯಿ ತೆರೆದು ಏದುಸಿರು ಬಿಟ್ಟು, ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಅದನ್ನು ಕಟ್ಟಿದರೆ ಜೀವಕ್ಕೇ ಕುತ್ತು. ಬುಟ್ಟಿಯ ಒಳಗೆ ಗಟ್ಟಿ ಮೊಸರು ಸವರಿ, ನಾಯಿ ತಾನಾಗಿ ಮೂತಿ ತೂರಿಸುವವರೆಗೆ ಕಾಯಿರಿ. ಕರೆಂಟ್ ಹೊಡೆಯುವ ಕಾಲರ್ ಯಾರು ಪುಕ್ಕಟೆ ಕೊಟ್ಟರೂ ಬೇಡ. ಹೆದರಿ ಕಚ್ಚುವ ನಾಯಿಗೆ ಇನ್ನಷ್ಟು ಹೆದರಿಕೆ ಔಷಧಿಯೇ? ಗಂಡು ನಾಯಿಗೆ ಸಂತಾನಹರಣ ಆಪರೇಷನ್ ಮಾಡಿಸಿದರೆ ಅಲೆದಾಟ ಕಡಿಮೆಯಾಗಬಹುದು, ಹೆದರಿಕೆ ಹೋಗುವುದಿಲ್ಲ.

ನಿರ್ಧಾರ. ನೋಟ್‌ಬುಕ್ ಮುಂದಿಟ್ಟುಕೊಂಡು ಮನೆಯ ದೊಡ್ಡವರೆಲ್ಲ ಕೂತು ಮಾತಾಡಿ. ಕಾರಣ ಗೊತ್ತಿದೆ, ಮುನ್ಸೂಚನೆ ಕೊಡುತ್ತದೆ, ಮನೆಯಲ್ಲಿ ಎಲ್ಲರೂ ದೊಡ್ಡವರು ಅಂದರೆ ಇಟ್ಟುಕೊಳ್ಳಿ. ಊಟ ಬಾಗಿಲು ಹಾಕಿದ ರೂಮಿನಲ್ಲಿ, ನೆಂಟರು ಬಂದಾಗ ಬುಟ್ಟಿ, ಕೈಲಾದರೆ ಒಳ್ಳೆ ತರಬೇತುದಾರರು. ಅಂಬೆಗಾಲಿಡುವ ಮಗು ಇದೆ, ನಾಯಿ ಸೂಚನೆಯಿಲ್ಲದೆ ಆಳವಾಗಿ ಕಚ್ಚುತ್ತದೆ ಅಂದರೆ ಒಂದೇ ಮನೆಯಲ್ಲಿ ಇಬ್ಬರೂ ಇರುವುದು ಬೇಡ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

‘ತೋಟಕ್ಕೆ ಕೊಟ್ಟುಬಿಡ್ತೀವಿ, ಕಾವಲಿಗಾಗುತ್ತೆ’ ಅನ್ನುವವರಿಗೆ ಒಂದು ಪ್ರಶ್ನೆ. ತೋಟದಲ್ಲಿ ಆಳುಗಳ ಮಕ್ಕಳಿಲ್ವಾ? ಕೊಡುವುದಾದರೆ ಕಚ್ಚಿದ್ದನ್ನೆಲ್ಲ ಹೇಳಿ ಕೊಡಿ. ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವಾಗಬಹುದು. ಸಾಕುಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಉದಾಸೀನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಯಾವ ದಾರಿಯೂ ಉಳಿಯದಿದ್ದರೆ ದಯಾಮರಣದ ಮಾತನ್ನು ಡಾಕ್ಟರ ಬಳಿ ನೇರವಾಗಿ ಕೇಳಿ, ನಾಚಿಕೆ ಬೇಡ. ಆದರೆ ಕಚ್ಚಿದ ವಾರವೇ ಬೇಡ. ರೇಬಿಸ್ ಅನುಮಾನ ಪರಿಹಾರವಾಗಲು ಕಚ್ಚಿದ ನಾಯಿಯನ್ನು 10 ದಿನ ಗಮನಿಸಬೇಕಾಗುತ್ತದೆ. ಅಷ್ಟು ದಿನ ಇಂಜೆಕ್ಷನ್ ನಡೆಯುತ್ತಲೇ ಇರಲಿ.